ಲಿನಕ್ಸ್‌ನಲ್ಲಿ ತೆರೆದರೆ ವಿಂಡೋಸ್ ವೈರಸ್ ಏನೂ ಮಾಡಲ್ಲವೇ?

'ಅನುಮಾನ ಬರುವ ಎಕ್ಸ್‌ಇ ಫೈಲ್ ಇದ್ದರೆ ಲಿನಕ್ಸ್‌ನಲ್ಲಿ ವೈನ್ ಹಾಕಿಕೊಂಡು ತೆರೆಯಿರಿ, ವಿಂಡೋಸ್ ವೈರಸ್ ಅಲ್ಲಿ ಕೆಲಸ ಮಾಡಲ್ಲ.' ಕಂಪ್ಯೂಟರ್ ಬಲ್ಲವರೂ ಇದನ್ನು ನಂಬುತ್ತಾರೆ. ಇದು ತಪ್ಪು. ಯಾಕೆಂದು ತಿಳಿಯಲು ವೈನ್ ಮಾಡುವ ಕೆಲಸವೇನು ಎಂದು ನೋಡಬೇಕು.

ಯಾವ ಪ್ರೋಗ್ರಾಂ ಕೂಡ ಫೈಲನ್ನು ತಾನೇ ತೆರೆಯುವುದಿಲ್ಲ. 'ತೆರೆದುಕೊಡು' ಎಂದು ಆಪರೇಟಿಂಗ್ ಸಿಸ್ಟಂ ಅನ್ನು ಕೇಳುತ್ತದೆ. ಈ ಕೋರಿಕೆಗೆ ಸಿಸ್ಟಂ ಕಾಲ್ ಎನ್ನುತ್ತಾರೆ. ವಿಂಡೋಸ್‌ನ ಕೋರಿಕೆಗಳೇ ಬೇರೆ, ಲಿನಕ್ಸ್‌ನವೇ ಬೇರೆ. 1993ರಲ್ಲಿ ಶುರುವಾದ ವೈನ್ ಯೋಜನೆ ನಡುವೆ ನಿಂತು, ವಿಂಡೋಸ್‌ಗೆ ಹೋಗಬೇಕಾದ ಕೋರಿಕೆಗಳನ್ನು ಲಿನಕ್ಸ್‌ನ ನೆರವಿನಿಂದ ಪೂರೈಸುತ್ತದೆ.

ಪದಕ್ಕೆ ಪದ ಅನುವಾದ ಮಾಡಿದರೆ ಮುಗಿಯಲಿಲ್ಲ, ಸ್ವಭಾವವನ್ನೂ ಅನುವಾದಿಸಬೇಕು. ವಿಂಡೋಸ್‌ನಲ್ಲಿ ಫೈಲ್ ಹೆಸರಿನ ಇಂಗ್ಲಿಷ್ ಅಕ್ಷರ ದೊಡ್ಡದಿರಲಿ ಚಿಕ್ಕದಿರಲಿ ಸಾಮಾನ್ಯವಾಗಿ ಎರಡೂ ಒಂದೇ. ಲಿನಕ್ಸ್‌ಗೆ ಅವು ಎರಡು ಬೇರೆ ಫೈಲ್‌ಗಳು. ಬಳಕೆಯಲ್ಲಿರುವ ಫೈಲನ್ನು ಅಳಿಸಲು ಹೋದರೆ ವಿಂಡೋಸ್ ಸಾಮಾನ್ಯವಾಗಿ ಒಪ್ಪುವುದಿಲ್ಲ, ಲಿನಕ್ಸ್ ಸದ್ದಿಲ್ಲದೆ ಅಳಿಸುತ್ತದೆ. ಆ ನಿರಾಕರಣೆಯನ್ನೇ ನಂಬಿ ಬರೆದ ಪ್ರೋಗ್ರಾಂಗಳಿವೆ. ಹಾಗಾಗಿ ಲಿನಕ್ಸ್ 'ಸರಿ' ಎನ್ನುವಲ್ಲಿ ವೈನ್ 'ಆಗಲ್ಲ' ಎನ್ನಬೇಕು, ಅದೂ ವಿಂಡೋಸ್ ಕೊಡುವ ಅದೇ ದೋಷಸಂಖ್ಯೆಯೊಂದಿಗೆ!

ಕೆಲವು ಆಟಗಳು ವೈನ್‌ನ ಕಣ್ಣು ತಪ್ಪಿಸಿ ನೇರವಾಗಿ ವಿಂಡೋಸ್‌ನ ಸಿಸ್ಟಂ ಕಾಲ್ ಕೊಟ್ಟುಬಿಡುತ್ತವೆ. ಲಿನಕ್ಸ್ ಆ ಸಂಖ್ಯೆಯನ್ನು ತನ್ನದೇ ಬೇರೊಂದು ಕೋರಿಕೆ ಎಂದು ಓದಿಕೊಳ್ಳುತ್ತದೆ. ಇವನ್ನು ಹಿಡಿದು ವೈನ್‌ಗೆ ಒಪ್ಪಿಸುವ ವ್ಯವಸ್ಥೆಯನ್ನು 2021ರ ಲಿನಕ್ಸ್ 5.11ರಲ್ಲಿ ಸೇರಿಸಬೇಕಾಯಿತು. ಮೈಕ್ರೋಸಾಫ್ಟ್ ಕೂಡ ಉಲ್ಟಾ ದಿಕ್ಕಿನಲ್ಲಿ, ಅಂದರೆ ವಿಂಡೋಸ್ ಮೇಲೆ ಲಿನಕ್ಸ್ ಪ್ರೋಗ್ರಾಂ ಓಡಿಸಲು, 2016ರಲ್ಲಿ ಇಂಥದೇ ಅನುವಾದಕ ತಂದಿತ್ತು. 2019ರ ಎರಡನೇ ಆವೃತ್ತಿಯಲ್ಲಿ ಆ ದಾರಿ ಬಿಟ್ಟು ನಿಜವಾದ ಲಿನಕ್ಸ್ ಕರ್ನಲ್ಲನ್ನೇ ಒಳಗೆ ಕೂರಿಸಿತು. ಅಷ್ಟು ಕಷ್ಟದ ಕೆಲಸ ಇದು.

ಈಗ ವೈರಸ್ ವಿಷಯಕ್ಕೆ ಬನ್ನಿ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಳಸುವುದು ಯಾವ ಕೋರಿಕೆಗಳನ್ನು? ತೆರೆ, ಓದು, ಬರೆ, ಅಳಿಸು. ವೈನ್ ಇಷ್ಟು ವರ್ಷ ಶ್ರಮಪಟ್ಟು ಸರಿಮಾಡಿದ್ದು ಇವನ್ನೇ. ಕೋರಿಕೆ ಒಳ್ಳೆಯವರದ್ದೋ ಕೆಟ್ಟವರದ್ದೋ ಅದಕ್ಕೆ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ವೈನ್ ಸಾಮಾನ್ಯವಾಗಿ ನಿಮ್ಮ ಇಡೀ ಲಿನಕ್ಸ್ ಫೈಲ್ ವ್ಯವಸ್ಥೆಯನ್ನು 'ಝಡ್' ಡ್ರೈವ್ ಎಂದು ತೋರಿಸುತ್ತದೆ. ನಿಮ್ಮ ಖಾತೆಗೆ ತಿದ್ದುವ ಅನುಮತಿ ಇರುವ ಫೋಟೊ, ದಾಖಲೆ ಎಲ್ಲವೂ ಅಲ್ಲಿ ಸಿಗುತ್ತವೆ.

ಕೆಲವು ವೈರಸ್‌ಗಳು ವೈನ್‌ನಲ್ಲಿ ಓಡುವುದಿಲ್ಲ, ನಿಜ. ಅವು ಕೇಳುವ ಯಾವುದೋ ಭಾಗ ಅಲ್ಲಿಲ್ಲ, ಅಷ್ಟೇ. ಅದನ್ನು ರಕ್ಷಣೆ ಎನ್ನಲಾಗದು. ಝಡ್ ಡ್ರೈವ್ ತೆಗೆದರೂ ಸಾಲದು, ಏಕೆಂದರೆ ವೈನ್ ಒಳಗಿನ ಪ್ರೋಗ್ರಾಂ ನೇರವಾಗಿ ಲಿನಕ್ಸ್‌ನ ಕಾಲ್‌ಗಳನ್ನೂ ಕೊಡಬಲ್ಲದು. ಅನುಮಾನದ ಫೈಲನ್ನು ಅಳಿಸಿಬಿಡಿ. ನೋಡಲೇಬೇಕಾದರೆ ಇಂಟರ್ನೆಟ್ ಮತ್ತು ಹಂಚಿಕೆಯ ಫೋಲ್ಡರ್ ಎರಡೂ ಇಲ್ಲದ ಪ್ರತ್ಯೇಕ ವರ್ಚುವಲ್ ಮಷೀನ್‌ನಲ್ಲಿ ತೆರೆಯಿರಿ.