ಜಗಲಿಯ ಹೊಗೆ ಮನೆಮಂದಿಯ ರಕ್ತನಾಳಕ್ಕೆ

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಮಾಡಬಾರದೆಂದು ಕೇರಳ ಹೈಕೋರ್ಟು ತೀರ್ಪಿತ್ತದ್ದು 1999ರ ಜುಲೈಯಲ್ಲಿ. ಕೇಂದ್ರದ ಕಾಯ್ದೆ ಬಂದದ್ದು ನಾಲ್ಕು ವರ್ಷಗಳ ಬಳಿಕ. ಈ ವಿಚಾರದಲ್ಲಿ ಕೇರಳ ದೇಶಕ್ಕೇ ದಾರಿ ತೋರಿಸಿತ್ತು. ಆದರೆ ಕಾನೂನು ಅಂಗಳದ ತನಕ ಮಾತ್ರ ಬರುತ್ತದೆ. ಜಗಲಿಯಲ್ಲಿ ಅಜ್ಜ ಬೀಡಿ ಹಚ್ಚಿದರೆ ಪಕ್ಕದಲ್ಲಿ ಆಡುವ ಪುಳ್ಳಿಯನ್ನು ಕಾಯುವವರು ಯಾರು?

ಬೀಡಿ, ಸಿಗರೇಟು ಎಂದಾಗ ನಮಗೆ ನೆನಪಾಗುವುದು ಕೆಮ್ಮು ಮತ್ತು ಕ್ಯಾನ್ಸರ್. ರಕ್ತನಾಳಕ್ಕಾಗುವ ಹಾನಿ ತಿಳಿದವರು ಕಮ್ಮಿ. ರಕ್ತನಾಳದ ಒಳಮೈಯಲ್ಲಿ ತೆಳು ಪದರವೊಂದಿದೆ. ಅದು ನೈಟ್ರಿಕ್ ಆಕ್ಸೈಡ್ ಉತ್ಪಾದಿಸಿ, ನಾಳ ಬೇಕಾದಾಗ ಹಿಗ್ಗುವಂತೆ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಹೊಗೆ ಈ ಪದರವನ್ನೇ ಕೆಡಿಸುತ್ತದೆ. ಆಗ ನಾಳ ಬಿಗಿಯುತ್ತದೆ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುತ್ತವೆ, ಗೋಡೆಯಲ್ಲಿ ಕೊಬ್ಬು ಕೂರುತ್ತದೆ. ಸೇದುವವರಲ್ಲಿ ಕೆಲವರಿಗೆ ಕಾಲಿನ ಸಣ್ಣ ನಾಳಗಳು ಮುಚ್ಚಿಹೋಗಿ ಬೆರಳನ್ನೇ ಕತ್ತರಿಸಬೇಕಾಗುತ್ತದೆ.

ಸೇದದವರ ಕತೆ ಏನು? 2001ರಲ್ಲಿ ಜಪಾನಿನ ವೈದ್ಯರು ಧೂಮಪಾನ ಮಾಡದ ಆರೋಗ್ಯವಂತ ಯುವಕರನ್ನು ಬರೇ 30 ನಿಮಿಷ ಹೊಗೆಯಲ್ಲಿ ಕೂರಿಸಿ ಪರೀಕ್ಷಿಸಿದ್ದರು. ಅಗತ್ಯ ಬಿದ್ದಾಗ ಹೃದಯಕ್ಕೆ ಹೆಚ್ಚು ರಕ್ತ ಹರಿಸುವ ನಾಳಗಳ ಶಕ್ತಿ ಧೂಮಪಾನಿಗಳ ಮಟ್ಟಕ್ಕೇ ಇಳಿದಿತ್ತು. ಪರರ ಹೊಗೆ ಕುಡಿಯುವವರಿಗೆ ಹೃದ್ರೋಗದ ಅಪಾಯ ಶೇ. 25ರಿಂದ 30ರಷ್ಟು ಹೆಚ್ಚೆಂದು ಅಮೆರಿಕದ ಸರ್ಜನ್ ಜನರಲ್ 2006ರ ವರದಿಯಲ್ಲಿ ಹೇಳಿದ್ದಾರೆ.

"ಕಿಟಕಿ ತೆರೆದಿದೆಯಲ್ಲ, ಎಂಥ ಆಗ್ತದೆ ಮಾರಾಯ್ರೇ" ಎನ್ನುವವರಿದ್ದಾರೆ. ಕಿಟಕಿ, ಫ್ಯಾನುಗಳಿಂದ ಈ ಅಪಾಯ ತಪ್ಪುವುದಿಲ್ಲ. "ದಿನಕ್ಕೆ ಒಂದೇ" ಎಂಬ ಸಮಾಧಾನವೂ ನಿಲ್ಲದು. 20 ಸಿಗರೇಟಿನಿಂದ ಹೆಚ್ಚುವ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧದಷ್ಟು ಒಂದರಿಂದಲೇ ಬರುತ್ತದೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ರಕ್ತನಾಳಕ್ಕೆ ಸ್ವಲ್ಪ ಹೊಗೆಯೂ ಸಾಕು.

ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಮ್ಮಂದಿರು ಈ ಗಡಿನಾಡಿನಲ್ಲಿ ಎಷ್ಟೋ ಮಂದಿ. ಅವರ ದುಡಿಮೆಯನ್ನು ಹಳಿಯುವ ಮಾತಲ್ಲ ಇದು. ಅವರಿಗೆ ಬೇರೆ ಕೆಲಸ ಒದಗಿಸುವುದು ಸರಕಾರದ ಹೊಣೆ. ಆದರೆ ಮನೆಯೊಳಗೆ ಹೊಗೆ ಬೇಡವೆನ್ನಲು ಸರಕಾರ ಬರಬೇಕಾಗಿಲ್ಲ.

ತಲಪಾಡಿಯಾಚೆ ಕರ್ನಾಟಕವು 2025ರಲ್ಲಿ ಸಾರ್ವಜನಿಕ ಧೂಮಪಾನದ ದಂಡವನ್ನು 1,000 ರೂಪಾಯಿಗೆ ಏರಿಸಿದೆ. ಇಲ್ಲಿಯೂ ಬಸ್‌ಸ್ಟ್ಯಾಂಡು, ಚಾದಂಗಡಿಗಳಲ್ಲಿ ಕಾನೂನು ಬಿಗಿಯಾಗಲಿ. ಮಂಜೇಶ್ವರ, ಕಾಸರಗೋಡು ಕಡೆಯ ಪಂಚಾಯತು, ಆಸ್ಪತ್ರೆಗಳು ಎಚ್ಚರಿಕೆಯ ಫಲಕಗಳನ್ನು ಮಲಯಾಳದ ಜತೆ ಕನ್ನಡದಲ್ಲಿಯೂ ಹಾಕಲಿ. ಓದಲಾಗದ ಎಚ್ಚರಿಕೆಯಿಂದ ಅಜ್ಜಂದಿರಿಗೇನು ಪ್ರಯೋಜನ?

ಬಿಡಲು ತಡವಾಯಿತೆಂದು ಯಾರೂ ಕೈಚೆಲ್ಲಬೇಕಾಗಿಲ್ಲ. ಬಿಟ್ಟ ಒಂದು ವರ್ಷಕ್ಕೆ ಹೆಚ್ಚುವರಿ ಹೃದ್ರೋಗದ ಅಪಾಯ ಅರ್ಧಕ್ಕಿಳಿಯುತ್ತದೆ. ನೆರವಿಗೆ 1800-112-356 ಸಂಖ್ಯೆಯ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ. ಅಲ್ಲಿಯ ತನಕ ಬೀಡಿಯನ್ನು ಜಗಲಿಯಿಂದಾದರೂ ಕೆಳಗಿಳಿಸೋಣ.