ಬೀಡಿ ಬಿಟ್ಟವರ ವಸಡು

ಬೀಡಿ ಸಿಗರೇಟುಗಳನ್ನು ತೊರೆದ ಕೆಲವು ವಾರಗಳಲ್ಲಿಯೇ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಕಂಡಿತೆಂದು ಹೆದರಿ, ಸೇದುತ್ತಿದ್ದಾಗಲೇ ಬಾಯಿ ನೆಟ್ಟಗಿತ್ತೆಂದು ಹೇಳಿಕೊಂಡು, ಪುನಃ ಬೆಂಕಿಪೊಟ್ಟಣಕ್ಕೆ ಕೈ ನೀಡುವವರು ನಮ್ಮ ಚಿನ್ನದ ಗಣಿಯ ಪ್ರದೇಶದಲ್ಲಿಯೂ ಬಂಗಾರಪೇಟೆಯಲ್ಲಿಯೂ ಇಲ್ಲದಿಲ್ಲ. ಬಹು ಪ್ರಯಾಸದಿಂದ ಮಾಡಿದ ಸಂಕಲ್ಪವು ಒಂದು ತಪ್ಪು ತಿಳಿವಳಿಕೆಯಿಂದ ಮುರಿದುಬೀಳುವುದು ವ್ಯಸನಕ್ಕಿಂತಲೂ ಹೆಚ್ಚಿನ ದುಃಖದ ವಿಷಯ. ಅದುವರೆಗೆ ಹೊಗೆಯ ಮರೆಯಲ್ಲಿದ್ದ ರೋಗವು ಬಯಲಿಗೆ ಬಂದಿತೆಂಬುದಕ್ಕೂ, ವಸಡಿಗೆ ರಕ್ತಸಂಚಾರವು ಮರಳಿತೆಂಬುದಕ್ಕೂ ಆ ರಕ್ತವು ಗುರುತು. ಈ ಸಂಗತಿಯನ್ನು ವಾಚಕ ಮಹಾಶಯರು ತಾವು ತಿಳಿದು, ತಿಳಿಯದವರಿಗೆ ತಿಳಿಸಬೇಕೆಂಬುದೇ ನಮ್ಮ ಇಂದಿನ ವಿಜ್ಞಾಪನೆ.

ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಎಂಬ ವಿಷಸತ್ತ್ವವು ಸಣ್ಣ ರಕ್ತನಾಳಗಳನ್ನು ಕುಗ್ಗಿಸತಕ್ಕದ್ದು. ಹಲ್ಲಿನ ಬುಡದಲ್ಲಿ ಕಿಟ್ಟ ಕಟ್ಟಿ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದಾಗ, ಸೇದದವನ ವಸಡು ಕೆಂಪೇರಿ, ಊದಿ, ಮುಟ್ಟಿದೊಡನೆ ರಕ್ತವೊಸರಿ ತನ್ನ ಯಜಮಾನನನ್ನು ಎಚ್ಚರಿಸುತ್ತದೆ. ಸೇದುವವನ ವಸಡಿಗೆ ಆ ಶಕ್ತಿಯು ಬಹಳ ಮಟ್ಟಿಗೆ ಕುಂದಿರುತ್ತದೆ. ಬಿಳಿಚಿ, ಗಟ್ಟಿಯಾಗಿ, ಮೇಲ್ನೋಟಕ್ಕೆ ನಿರೋಗಿಯಂತೆಯೇ ತೋರುವ ಆ ವಸಡಿನ ಅಡಿಯಲ್ಲಿ ಹಲ್ಲಿಗೂ ಮಾಂಸಕ್ಕೂ ನಡುವೆ ಸಂದು ಬಿದ್ದು, ಹಲ್ಲನ್ನು ಹಿಡಿದಿರುವ ಎಲುಬು ಸದ್ದಿಲ್ಲದೆ ಸವೆಯುತ್ತಿರುತ್ತದೆ. ಸೂಕ್ಷ್ಮಜೀವಿಗಳೊಡನೆ ಹೋರಾಡತಕ್ಕ ಬಿಳಿಯ ರಕ್ತಕಣಗಳೂ ಹೊಗೆಯಿಂದ ಮಂಕಾಗುತ್ತವೆ. ಮೇಲೆ ನೆಲ ಸಮವಾಗಿರುವಾಗಲೇ ಕೆಳಗೆ ಆಧಾರ ಕುಸಿಯುವುದೆಂದರೇನೆಂಬುದನ್ನು, ಏರ್‌ಬ್ಲಾಸ್ಟಿಗೆ ಮನೆಯ ಪಾತ್ರೆಗಳು ನಡುಗಿದ್ದನ್ನು ಕಂಡ ಚಾಂಪಿಯನ್ ರೀಫಿನ ಹಿರಿಯರಿಗೆ ನಾವು ವಿವರಿಸಬೇಕಾಗಿಲ್ಲ.

ಇದು ಊಹೆಯ ಮಾತಲ್ಲ. 2003ರಲ್ಲಿ ಪ್ರಕಟವಾದ ಲಂಡನ್ನಿನ ದಂತವೈದ್ಯರ ಒಂದು ಪರೀಕ್ಷೆಯಲ್ಲಿ, ಸೇದುವುದನ್ನು ಬಿಟ್ಟ 27 ಮಂದಿಯ ವಸಡುಗಳನ್ನು ನಾಲ್ಕರಿಂದ ಆರು ವಾರಗಳ ತರುವಾಯ ಪುನಃ ನೋಡಲಾಗಿ, ಸಲಾಕೆ ತಗುಲಿದಾಗ ರಕ್ತ ಬರುವ ಸ್ಥಳಗಳು ಸುಮಾರು ಇಮ್ಮಡಿಯಾಗಿದ್ದವು. ಅವರ ಹಲ್ಲಿನ ಶುದ್ಧಿಯು ಮೊದಲಿಗಿಂತ ಉತ್ತಮವಾಗಿದ್ದಾಗ್ಯೂ ಹೀಗಾಯಿತು. ಅಮೆರಿಕೆಯ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಪರಿಶೋಧಿಸಿ 2000ದಲ್ಲಿ ಪ್ರಕಟಿಸಿದವರಿಗೆ ಕಂಡುಬಂದುದೇನೆಂದರೆ, ವಸಡನ್ನೂ ಎಲುಬನ್ನೂ ತಿನ್ನುವ ಈ ರೋಗವು ಎಂದೂ ಸೇದದವರಿಗಿಂತ ಸೇದುವವರಲ್ಲಿ ಸುಮಾರು ನಾಲ್ಕರಷ್ಟು ಹೆಚ್ಚು. ಬಿಟ್ಟು 11 ವರ್ಷ ಕಳೆದವರಲ್ಲಿಯಾದರೋ ಎಂದೂ ಸೇದದವರಿಗೂ ಅವರಿಗೂ ಹೆಚ್ಚಿನ ಅಂತರವೇ ಇಲ್ಲ. ಹನ್ನೊಂದು ವರ್ಷವು ದೀರ್ಘವೆಂದು ಮೂಗು ಮುರಿಯುವವರಿಗೆ ನಮ್ಮ ಉತ್ತರವಿಷ್ಟೆ: ಬಿಡದಿದ್ದರೂ ಹನ್ನೊಂದು ವರ್ಷ ಕಳೆದೇ ಕಳೆಯುತ್ತದೆ, ಆ ವೇಳೆಗೆ ಹಲ್ಲು ಉಳಿದಿರುವುದೆಂಬ ಭರವಸೆ ಮಾತ್ರ ಇರುವುದಿಲ್ಲ. ಅಲ್ಲದೆ ಲಾಭವೆಲ್ಲವೂ ಅಷ್ಟು ಕಾಲ ಕಾಯಿಸುವುದಿಲ್ಲ. ಬಾಯಿಯ ದುರ್ಗಂಧವು ಬೇಗನೆ ತಗ್ಗುತ್ತದೆ, ನಾಲಗೆಗೆ ಉಪ್ಪು ಹುಳಿಗಳ ರುಚಿ ಮರಳುತ್ತದೆ, ದಂತವೈದ್ಯನು ಮಾಡಿದ ಚಿಕಿತ್ಸೆಯು ಸೇದುವವನಿಗಿಂತ ಬಿಟ್ಟವನಲ್ಲಿ ಚೆನ್ನಾಗಿ ಹಿಡಿಯುತ್ತದೆ. ಸವೆದುಹೋದ ಎಲುಬು ಮಾತ್ರ ತಾನಾಗಿ ಪುನಃ ಬೆಳೆಯುವುದಿಲ್ಲವೆಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ. ಬೇಗ ಬಿಟ್ಟಷ್ಟೂ ಉಳಿಯುವ ಎಲುಬು ಹೆಚ್ಚು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ನೆಪವು ಪ್ರಬಲವಾಗಿದೆ. ಹಲ್ಲು ಕಂದಾಗಿರುವುದೇಕೆಂದು ಕೇಳಿದರೆ, "ನಮ್ಮ ಕಡೆಯ ನೀರೇ ಹಾಗೆ, ಸ್ವಾಮಿ" ಎಂಬ ಉತ್ತರವು ಸಿದ್ಧವಾಗಿರುತ್ತದೆ. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದು ನಿಜ; ಆ ವಿಷಯದಲ್ಲಿ ಸರ್ಕಾರದವರು ಇನ್ನೂ ಮಾಡಬೇಕಾದುದು ಬಹಳವಿದೆ. ಆದರೆ ಫ್ಲೋರೈಡಿನ ಕಲೆಯು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಬಾಲ್ಯದಲ್ಲಿಯೇ ಹೊಳಪಿನ ಪದರದಲ್ಲಿ ಬೆರೆತು ಬರುವಂಥದು. ಉಜ್ಜಿದರೂ ಕೆರೆದರೂ ಹೋಗದು. ಮೂವತ್ತನೆಯ ವಯಸ್ಸಿನ ಮೇಲೆ ಹೊಸದಾಗಿ ಬಂದ ಕಲೆಗೆ, ಅದರಲ್ಲಿಯೂ ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ವಸಡಿನಂಚಿಗೆ ಟಾರಿನಂತೆ ಹತ್ತಿದ ಕಪ್ಪಿಗೆ, ಬಾವಿಯನ್ನು ದೂರುವುದು ಅನ್ಯಾಯ. ಈ ಕಲೆಯನ್ನು ದಂತವೈದ್ಯನು ಒಂದೆರಡು ಸಲದಲ್ಲಿ ತೆಗೆಯಬಲ್ಲನು; ಸೇದುವುದನ್ನು ಬಿಟ್ಟರೆ ಅದು ಮರಳಿ ಹತ್ತುವುದಿಲ್ಲ.

ಬೀಡಿಯನ್ನು ಬಿಟ್ಟು ಅದರ ಬದಲು ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ದವಡೆಯಲ್ಲಿ ಇಟ್ಟುಕೊಳ್ಳುವವರಿಗೂ ಒಂದು ಮಾತು. ಇದು ಬಿಟ್ಟಂತಲ್ಲ. ಸೊಪ್ಪು ತಂಗುವ ಸ್ಥಳದಲ್ಲಿ ವಸಡು ಇಳಿದು ಹಲ್ಲಿನ ಬೇರು ಬಯಲಾಗುತ್ತದೆ, ಕೆನ್ನೆಯ ಒಳಗೆ ಬಿಳಿಯ ಮಚ್ಚೆಗಳೇಳುತ್ತವೆ, ಅವುಗಳಲ್ಲಿ ಕೆಲವು ಅರ್ಬುದಕ್ಕೆ ತಿರುಗುತ್ತವೆ. 2016-17ರ ರಾಷ್ಟ್ರೀಯ ಗಣತಿಯಂತೆ ಕರ್ನಾಟಕದಲ್ಲಿ ಹೊಗೆ ಸೇದುವ ವಯಸ್ಕರಿಗಿಂತ ಅಗಿಯುವವರೇ ಹೆಚ್ಚು. ಹಲ್ಲುನೋವಿಗೆ ನಶ್ಯವನ್ನು ವಸಡಿಗೆ ಒತ್ತುವ ಪದ್ಧತಿಯೂ ಇನ್ನೂ ಅಳಿದಿಲ್ಲ. ಹಲ್ಲುಪುಡಿ ಪೇಸ್ಟುಗಳಲ್ಲಿ ಹೊಗೆಸೊಪ್ಪನ್ನು ಬೆರೆಸಕೂಡದೆಂದು 1992ರಲ್ಲಿಯೇ ಭಾರತ ಸರ್ಕಾರವು ನಿಷೇಧಿಸಿದುದನ್ನು ಜ್ಞಾಪಿಸಿಕೊಂಡರೆ, ಆ ಮದ್ದಿನ ಯೋಗ್ಯತೆ ಗೊತ್ತಾದೀತು.

ಹಾಗಾದರೆ ರಕ್ತ ಕಂಡವನು ಮಾಡಬೇಕಾದುದೇನು? ದಂತವೈದ್ಯನ ಬಳಿಗೆ ಹೋಗಿ ಕಿಟ್ಟವನ್ನು ತೆಗೆಸಿಕೊಳ್ಳಬೇಕು. ಮೆದುವಾದ ಬ್ರಷ್ಷಿನಿಂದ ಎರಡು ಹೊತ್ತು ಉಜ್ಜಬೇಕು. ರಕ್ತಕ್ಕೆ ಹೆದರಿ ಉಜ್ಜುವುದನ್ನು ನಿಲ್ಲಿಸಕೂಡದು. ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ, ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬಿವು ಓದಿದವರ ಬಾಯಲ್ಲಿಯೂ ಕೇಳಿಬರುವ ಅಜ್ಜಿಕಥೆಗಳು. ಕಿಟ್ಟವೇ ಅಂಟಿನಂತೆ ಹಿಡಿದಿದ್ದ ಹಲ್ಲು ಕಿಟ್ಟ ಹೋದಾಗ ತನ್ನ ನಿಜಸ್ಥಿತಿಯನ್ನು ತೋರಿಸುತ್ತದೆ, ಅಷ್ಟೆ. ಬೆಮೆಲ್ ನಗರದಲ್ಲಿಯೇ ದಂತವೈದ್ಯ ಕಾಲೇಜೊಂದು ಇರುವಾಗ ನಮ್ಮವರು ವೈದ್ಯರ ದೂರವನ್ನು ನೆಪ ಹೇಳುವಂತಿಲ್ಲ. ಬಡ ವೃದ್ಧರಿಗೆ ಕಟ್ಟಿಸಿದ ಹಲ್ಲುಗಳನ್ನು ಉಚಿತವಾಗಿ ಕೊಡುವ ದಂತಭಾಗ್ಯ ಯೋಜನೆಯನ್ನು ರಾಜ್ಯಸರ್ಕಾರವು ಆರಂಭಿಸಿದುದು ಶ್ಲಾಘ್ಯವೇ. ಆದರೂ ರಾಗಿಮುದ್ದೆಯನ್ನು ನುಂಗಿ ಬದುಕಿದವನೂ ಅವರೆಕಾಳಿನ ಕಾಲದಲ್ಲಿ ಸ್ವಂತ ಹಲ್ಲಿಗೆ ಹಂಬಲಿಸುತ್ತಾನೆ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಕಲ್ಲಿನ ಧೂಳನ್ನು ಕುಡಿದ ಶ್ವಾಸಕೋಶಗಳೊಡನೆ ಅಲ್ಲಿಂದ ಹೊರಬಂದವರಿಗೆ ಹೊಗೆಯು ಹಲ್ಲಿಗಿಂತ ದೊಡ್ಡ ಅಪಾಯ. ಅದು ಬೇರೆಯೇ ಲೇಖನಕ್ಕೆ ತಕ್ಕ ವಿಷಯ. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ನಸುಕಿನಲ್ಲಿ ಮಾರಿಕುಪ್ಪಂ, ಊರಿಗಾಂ, ಕೋರಮಂಡಲಗಳಲ್ಲಿ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನಿಲ್ದಾಣದ ಹೊರಗೆ ಕಾಫಿಯೊಡನೆ ಒಂದು ಸಿಗರೇಟು ಎಂಬ ಅಭ್ಯಾಸವು ಬೇರೂರುವುದು ಈ ತರುಣರಲ್ಲಿಯೇ.

ಆದುದರಿಂದ ರಾಬರ್ಟ್‌ಸನ್‌ಪೇಟೆ ನಗರಸಭೆಯ ಮತ್ತು ಬಂಗಾರಪೇಟೆ ಪುರಸಭೆಯ ಅಧಿಕಾರಿಗಳಲ್ಲಿ ನಮ್ಮದೊಂದು ಬಿನ್ನಹ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು 21 ವರ್ಷ ತುಂಬದವರಿಗೆ ತಂಬಾಕನ್ನು ಮಾರಕೂಡದೆಂದೂ, ಬೀಡಿ ಸಿಗರೇಟುಗಳನ್ನು ಒಂದೊಂದಾಗಿ ಮಾರಕೂಡದೆಂದೂ ವಿಧಿಸಿದೆ. ಈ ನಿಯಮವನ್ನು ಕಾಗದದ ಮೇಲೆ ಮಲಗಿಸದೆ ನಿಲ್ದಾಣದ ಮುಂದಿನ ಅಂಗಡಿಗಳಲ್ಲಿ ನಡೆಸಿ ತೋರಿಸಲಿ. ಕನ್ನಡ, ತಮಿಳು, ತೆಲುಗು ಮೂರನ್ನೂ ಆಡುವ ಈ ಊರಿನಲ್ಲಿ ತಿಳಿವಳಿಕೆಯ ಫಲಕಗಳು ಮೂರರಲ್ಲಿಯೂ ಇರಲಿ. ಬಿಡಬೇಕೆಂಬವರಿಗೆ ಕಾಸಿಲ್ಲದೆ ಸಲಹೆ ಕೊಡುವ 1800-11-2356 ಎಂಬ ದೂರವಾಣಿಯಿದೆ. ಆ ಸಂಖ್ಯೆಯು ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. ಒಂದೊಂದೇ ಬೀಡಿಯನ್ನು ಕೊಂಡು ಸೇದುವ ಕೂಲಿಯವನ ಕಣ್ಣಿಗೆ ಆ ಪೊಟ್ಟಣವು ಬೀಳುವುದೇ ಇಲ್ಲ.