ಕೈಪಿಡಿ ಬರೆಯುವ ಕೈಗಳು ಬೇಕು

ನರಗುಂದದ ಕಿರಾಣಿ ವರ್ತಕರೊಬ್ಬರು ಮೊನ್ನೆ ನಮ್ಮನ್ನು ಕರೆದು ತಮ್ಮ ಅಂಗಡಿಯ ಕಂಪ್ಯೂಟರ್ ತೋರಿಸಿದರು. ಯಂತ್ರ ಗಟ್ಟಿಯಾಗಿಯೇ ಇದೆ. ಆದರೆ ಅದನ್ನು ನಡೆಸುವ ವಿಂಡೋಸ್ 10ಕ್ಕೆ ಕಂಪನಿಯು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಈ ಹಳೆಯ ಯಂತ್ರಕ್ಕೆ ಒಗ್ಗದು. ಹೊಸದನ್ನು ಕೊಳ್ಳಿರಿ ಎಂದರಂತೆ. ಉದ್ರಿಯೇ ವಸೂಲಾಗದ ದಿನಗಳಲ್ಲಿ ಹೊಸ ಯಂತ್ರಕ್ಕೆ ಹಣ ಎಲ್ಲಿಂದ ಬರಬೇಕು?

ಬೇರೆ ದಾರಿ ಇದೆ. 1983ರಲ್ಲಿ ಅಮೇರಿಕೆಯ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಸಾರಿದರು; 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಹೊರತಂದರು. ಇವೆರಡೂ ಕೂಡಿ ಬೆಳೆದ ಡೆಬಿಯನ್, ಉಬುಂಟು ಮೊದಲಾದವನ್ನು ಯಾರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ನೆರೆಯವರಿಗೆ ಹಂಚಬಹುದು. ಇದೇ ಮುಕ್ತ ತಂತ್ರಾಂಶ.

ಹಾಗಿದ್ದೂ ಅದು ರೋಣದ ಅಂಗಡಿಗೆ, ಗಜೇಂದ್ರಗಡದ ನೇಕಾರನ ಮನೆಗೆ ಏಕೆ ಬಂದಿಲ್ಲ? ಪರದೆಯ ಮೇಲಿನ ಮಾತುಗಳನ್ನು ಸ್ವಯಂಸೇವಕರು ಎಷ್ಟೋ ಮಟ್ಟಿಗೆ ಕನ್ನಡಕ್ಕೆ ತಂದಿದ್ದಾರೆ. ಆದರೆ ಪ್ರಿಂಟರ್ ಜೋಡಿಸುವುದು ಹೇಗೆ, ಕನ್ನಡ ಟೈಪು ಮಾಡುವುದು ಹೇಗೆ, ಲೆಕ್ಕದ ಪ್ರತಿ ತೆಗೆದಿಡುವುದು ಹೇಗೆ ಎಂದು ಹೇಳುವ ಬರಹ ಬಹುಪಾಲು ಇಂಗ್ಲಿಷಿನಲ್ಲಿದೆ. ಒಳ್ಳೆಯ ಮುಕ್ತ ಕೈಪಿಡಿಗಳಿಲ್ಲದಿರುವುದೇ ದೊಡ್ಡ ಕೊರತೆಯೆಂದು ಸ್ಟಾಲ್‌ಮನ್ನರೇ ಬರೆದಿದ್ದಾರೆ. ಕೈಪಿಡಿಗಳಿಗೆಂದೇ ಒಂದು ಮುಕ್ತ ಪರವಾನಗಿ 2000ದಲ್ಲಿ ಹೊರಬಂದಿತು.

ನಾವೇನು ಇಂಜಿನಿಯರರೇ ಎಂದು ಕೇಳುವಿರಿ. ಆಗಿರಬೇಕಿಲ್ಲ. ನಾವು ಶಾಲೆಯಲ್ಲಿ ಕಲಿಸುತ್ತಿದ್ದಾಗ ಕಂಡದ್ದಿದು: ನಿನ್ನೆ ತಾನೇ ಭಿನ್ನರಾಶಿ ಅರಿತ ಹುಡುಗ ಪಕ್ಕದವನಿಗೆ ನಮಗಿಂತ ಚೆನ್ನಾಗಿ ತಿಳಿಸುತ್ತಿದ್ದ. ತಾನು ಎಡವಿದ ಕಲ್ಲು ಅವನಿಗೆ ನೆನಪಿರುತ್ತದೆ.

ಕೆಲಸ ಹೀಗೆ ನಡೆಯಬೇಕು. ಒಬ್ಬರಿಗೆ ಒಂದೇ ಪುಟ, ಒಂದೇ ಕೆಲಸ. ಬರೆದುದನ್ನು ಏನೂ ತಿಳಿಯದ ಒಬ್ಬರ ಕೈಗಿತ್ತು ಯಂತ್ರದ ಮುಂದೆ ಕೂರಿಸಬೇಕು. ಅವರು ಎಲ್ಲಿ ನಿಂತರೋ ಅಲ್ಲಿ ತಪ್ಪು ಪುಟದ್ದು, ಅವರದಲ್ಲ. ಪೇಟೆಯಲ್ಲಿ ‘ಫೈಲು’ ಎಂದರೆ ಫೈಲೆಂದೇ ಇರಲಿ. ಆದರೆ ಒಂದು ಪುಟದಲ್ಲಿ ಫೈಲು, ಇನ್ನೊಂದರಲ್ಲಿ ಕಡತ ಬೇಡ. ಕೆಲವು ಲೆಕ್ಕದ ತಂತ್ರಾಂಶಗಳು ಲಿನಕ್ಸಿನಲ್ಲಿ ನೇರವಾಗಿ ನಡೆಯುವುದಿಲ್ಲ. ಅದನ್ನೂ ಮುಚ್ಚಿಡದೆ ಮೊದಲ ಪುಟದಲ್ಲೇ ಬರೆಯಬೇಕು. ಪ್ರತಿ ಪುಟಕ್ಕೂ ತಾರೀಖು ಮತ್ತು ಆವೃತ್ತಿಯ ಸಂಖ್ಯೆ ಇರಬೇಕು. ಹೊಸ ಆವೃತ್ತಿ ಬಂದಾಗ ಹಳೆಯ ಪುಟ ದಾರಿ ತಪ್ಪಿಸುತ್ತದೆ. ಇಂಥ ಸಂಘಗಳು ಮುರಿಯುವುದೂ ಅಲ್ಲಿಯೇ: ಮೊದಲ ತಿಂಗಳು ಉತ್ಸಾಹ, ಮೂರನೆಯ ತಿಂಗಳು ತಿದ್ದುವವರೇ ಇಲ್ಲ.

ಪುಕ್ಕಟೆ ದುಡಿಮೆಯ ಮೇಲೆ ಸಂಶಯವಿರುವುದು ದುಡಿಯುವವನಿಗೆ ಸಹಜ. ಮಾಲೀಕನ ಲಾಭಕ್ಕೆ ಪುಕ್ಕಟೆ ದುಡಿಯಬೇಕೆಂದು ನಾವು ಎಂದೂ ಹೇಳೆವು. ಇಲ್ಲಿಯ ಫಲ ಊರಿನದು. ಯಾರಾದರೂ ಅಚ್ಚು ಹಾಕಿಸಿ ಮಾರಲಿ. ಪ್ರತಿ ಮಾಡುವ ಹಕ್ಕನ್ನು ಉಳಿದವರಿಂದ ಕಸಿಯಲು ಆ ಪರವಾನಗಿ ಬಿಡದು. ಹೊಲದಲ್ಲಿ ಇದನ್ನೇ ಮುಯ್ಯಾಳು ಎನ್ನುತ್ತೇವೆ.

ಇದು ಆಗದ ಮಾತಲ್ಲ. ಕೇರಳದ ಶಾಲೆಗಳು ಮುಕ್ತ ತಂತ್ರಾಂಶಕ್ಕೆ ಹೊರಳಿ ವರ್ಷಗಳಾದವು. ಕಾಸರಗೋಡಿನ ಕನ್ನಡ ಮಕ್ಕಳು ಅದನ್ನು ಕನ್ನಡದ ಪಠ್ಯಪುಸ್ತಕದಲ್ಲಿಯೇ ಕಲಿಯುತ್ತಾರೆ. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರಿ ಸಂಘ ಕಟ್ಟಿದಾಗ ರೈತರು ಬ್ಯಾಂಕಿನ ಪಂಡಿತರಾಗಿರಲಿಲ್ಲ.

ಆದ್ದರಿಂದ ರೋಣದವರು ಪ್ರಿಂಟರಿನ ಪುಟಗಳನ್ನು, ನರಗುಂದದವರು ಬಿಲ್ಲು-ಖಾತೆಯ ಪುಟಗಳನ್ನು, ಗಜೇಂದ್ರಗಡದವರು ಕನ್ನಡ ಟೈಪಿನ ಪುಟಗಳನ್ನು ವಹಿಸಿಕೊಳ್ಳಲಿ. ವಾರಕ್ಕೊಂದು ಸಂಜೆ ಸಾಕು. ಆದರೆ ಆ ಸಂಜೆ ತಪ್ಪಬಾರದು. ಮೊದಲ ಪುಟವನ್ನು ನಾವು ಬರೆಯುತ್ತೇವೆ. ತಪ್ಪು ಹುಡುಕಲು ನೀವು ಬನ್ನಿರಿ.